ಸೌದೆಯಿಲ್ಲದ ಬೆಂಕಿ: ಜೇನಿಗೆ ಮೊದಲು ಮುಟ್ಟಿದ ಸುದ್ದಿ

"ಬರ್ಕೊಳ್ಳಿ ಸಾರ್ಜೆಂಟ್ರೇ, ನಾನೇ ಕೊಂದೆ."

"ಹೆಂಗೆ ಕೊಂದೆ?"

"ಅದೇ... ಕಲ್ಲಿಂದ."

"ತಲೇಲಿ ಯಾವ ಕಡೆ ಹೊಡೆದೆ?"

ಜೋಬ್ ಹಾರ್ಕರ್ ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಬೆರಳ ಗೆಣ್ಣುಗಳೆಲ್ಲ ಒಡೆದು ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತು.

"ಅದು ನಿಮಗೇ ಗೊತ್ತಿರ್ಬೇಕಲ್ಲ. ಹೆಣ ನೋಡಿದ್ದು ನೀವು."

"ಲೋ, ಕೊಂದೋನು ನೀನೋ ನಾನೋ?"

ಸಾರ್ಜೆಂಟ್ ಎನಾಕ್ ಗಾರ್ಬಟ್ ಪೆನ್ನು ಕೆಳಗಿಟ್ಟ. ಮೊನ್ನೆ ಬೆಳಿಗ್ಗೆ ಮುದುಕ ಮಾರ್ಮಡ್ಯೂಕ್ ಫೆದರ್‌ಸ್ಟನ್ ತನ್ನ ಕುರಿದೊಡ್ಡಿಯಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಆಗಿನಿಂದ ಕೆಲ್‌ಬೆಕ್ ಊರಿಗೆ ಊರೇ ಒಂದೇ ಮಾತು ಹೇಳುತ್ತಿತ್ತು: ಜೋಬ್‌ಗೆ ವುಡ್ ಹತ್ತಿತ್ತು.

ಶಾಲೆಯ ಇಂಗ್ಲಿಷಿನಲ್ಲಿ ವುಡ್ ಎಂದರೆ ಮರ, ಸೌದೆ. ಕೆಲ್‌ಬೆಕ್ಕಿನ ಹಳಬರ ಬಾಯಲ್ಲಿ ಇನ್ನೂ ಉಳಿದಿರುವ ವುಡ್ ಬೇರೆ ಜಾತಿಯದು. ಅದು ಸೌದೆಯಿಲ್ಲದೆ ಹೊತ್ತಿಕೊಳ್ಳುವ ಬೆಂಕಿ. ಬರಿಯ ಸಿಟ್ಟಿಗಾದರೆ ಪದಗಳು ಬೇಕಾದಷ್ಟಿವೆ. ವುಡ್ ಹತ್ತಿದವನಿಗೆ ಕಣ್ಣಿದ್ದೂ ಕಾಣದು, ಕಿವಿಯಿದ್ದೂ ಕೇಳದು. ಇಳಿದ ಮೇಲೆ ತಾನು ಏನು ಮಾಡಿದೆನೆಂಬುದೂ ನೆನಪಿರದು. ಯಾರ್ಕ್‌ಶೈರಿನ ಬೇರೆ ಊರುಗಳಲ್ಲಿ ಈ ಪದ ಸತ್ತು ಗೋರಿ ಸೇರಿ ಎಷ್ಟೋ ಕಾಲವಾಯಿತು. ಕೆಲ್‌ಬೆಕ್ಕಿನಲ್ಲಿ ಅದು ಇನ್ನೂ ಬದುಕಿತ್ತು, ಈಗ ಒಬ್ಬ ಬದುಕಿರುವವನನ್ನು ಗೋರಿಗೆ ಕಳಿಸಲು ಹೊರಟಿತ್ತು.

ತಾಳ್ಮೆಗೆ ಹೆಸರಾದ ಬೈಬಲಿನ ಯೋಬನ ಹೆಸರನ್ನೇ ಮಗನಿಗಿಟ್ಟ ಜೋಬ್‌ನ ತಂದೆಗೂ ಆಗಾಗ ವುಡ್ ಹತ್ತುತ್ತಿತ್ತು. ಹೆಸರಿನಿಂದಾದರೂ ಮಗ ತಣ್ಣಗಿರಲಿ ಎಂದುಕೊಂಡನೋ ಏನೋ, ಪಾಪ. ಹೆಣ ಸಿಗುವ ಹಿಂದಿನ ಸಂಜೆ ಪಬ್ಬಿನಲ್ಲಿ ಮಾರ್ಮಡ್ಯೂಕ್, "ನಿನ್ನ ನೆಲ್ ನನ್ನ ಕುರಿಗೆ ಬಾಯಿ ಹಾಕ್ತು, ಗುಂಡು ಹೊಡೆದೆ. ನಾಯಿ ಬೇಕಾದ್ರೆ ಇನ್ನೊಂದು ಸಾಕ್ಕೋ" ಎಂದು ಬಿಯರ್ ಚಪ್ಪರಿಸಿದ್ದ. ನೆಲ್ ಹದಿನಾಲ್ಕು ವರ್ಷದ ಮುದಿ ನಾಯಿ. ಕುರಿಗೆ ಬಾಯಿ ಹಾಕಲು ಅದಕ್ಕೆ ಬಾಯಲ್ಲಿ ಹಲ್ಲೇ ಇರಲಿಲ್ಲ. ಜೋಬ್ ಬೆಂಚು ಮುರಿದ, ಗೋಡೆಗೆ ಗುದ್ದಿದ, "ನಿನ್ನ ಕೊಲ್ತೀನಿ" ಎಂದು ಕಿರುಚಿ ಊರಾಚೆಯ ಬೋರೆಗುಡ್ಡದ ಕಡೆ ಓಡಿದ. ಎಚ್ಚರವಾದಾಗ ಬೆಳಗಾಗಿತ್ತು, ಹಳ್ಳದ ದಡದಲ್ಲಿ ಮಲಗಿದ್ದ, ಅಂಗಿಯೆಲ್ಲ ರಕ್ತ.

"ನೆನಪಿಲ್ಲ ಅಂದ್ಮೇಲೆ ಮಾಡಿಲ್ಲ ಅಂತ ಯಾಕಿರಬಾರದು?" ಎಂದ ಗಾರ್ಬಟ್.

"ಮಾಡಿದ್ದೂ ನೆನಪಿರಲ್ವಲ್ಲ ಸಾರ್ಜೆಂಟ್ರೇ. ನಾನಲ್ದೆ ಇನ್ಯಾರು? ವುಡ್ ಹತ್ತಿದ್ದು ನನಗೆ."

ಗಾರ್ಬಟ್‌ಗೆ ಬೇರೆ ದಾರಿ ಕಾಣದಿದ್ದಾಗ ಬರುವ ವಿದ್ಯೆ ಒಂದೇ. ಎದ್ದು ನಿಂತು ಹೊಟ್ಟೆ ಮುಂದೆ ಬಿಟ್ಟ, ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಪಟ್ಟಣದಿಂದ ಬಂದ ಇನ್ಸ್‌ಪೆಕ್ಟರ್ ಪಿಲಿಂಗ್ ಆಗಿಬಿಟ್ಟ. "ಗಾರ್ಬಟ್! ನ್ಯಾಯವು ಕಾಯಬಹುದು. ನನ್ನ ಊಟವು ಕಾಯಲಾರದು. ಕೈದಿಯನ್ನು ಬೇಗನೆ ತಪ್ಪಿತಸ್ಥನನ್ನಾಗಿ ಮಾಡತಕ್ಕದ್ದು!"

ಜೋಬ್ ನಕ್ಕ. ನಗು ಅರ್ಧ ದಾರಿಯಲ್ಲೇ ಅಳುವಾಯಿತು. "ನಗಿಸ್ಬೇಡಿ. ಡೈನಾಗೆ ಹೇಳಿ, ಇಲ್ಲಿಗೆ ಬರೋದು ಬೇಡ ಅಂತ."

"ನಿನ್ನ ಹೆಂಡ್ತಿ ಬಂದೂ ಇಲ್ಲ. ಹೈಹೌಸ್‌ನಲ್ಲಿದ್ದಾಳೆ. ತಿಥಿಯ ಬಿಸ್ಕತ್ತು ಸುಡ್ತಿದ್ದಾಳಂತೆ."

ಜೋಬ್ ತಲೆಯೆತ್ತಿದ. ಹೈಹೌಸ್ ಸತ್ತವನ ಮನೆ. ಕೊಂದವನ ಹೆಂಡತಿ ಸತ್ತವನ ಮನೆಯಲ್ಲಿ ಹಿಟ್ಟು ನಾದುವುದೆಂದರೇನು? ಊರಿನ ನಾಲಿಗೆಗಳು ನಿನ್ನೆಯಿಂದ ಇದನ್ನೇ ನಾದುತ್ತಿದ್ದವು.

ಬಾಗಿಲು ತೆರೆಯಿತು. ನಿಜವಾದ ಪಿಲಿಂಗ್, ನಿಜವಾದ ಹೊಟ್ಟೆ.

"ಗಾರ್ಬಟ್, ಒಪ್ಪಿಕೊಂಡನೆ?"

"ಒಪ್ಕೊಂಡ ಸರ್. ಆದ್ರೆ ಯಾವುದನ್ನ ಒಪ್ಕೋಬೇಕು ಅಂತ ಅವನಿಗೆ ಗೊತ್ತಿಲ್ಲ."

"ಅಷ್ಟು ಸಾಕು. ಪಬ್ಬಿನಲ್ಲಿದ್ದ ಎಲ್ಲರ ಬಾಯಲ್ಲೂ ಅದೊಂದೇ ಪದ. ವುಡ್! ಎಂಥ ಪದ! ಯಾರ್ಕ್‌ನ ಜ್ಯೂರಿ ಇದನ್ನು ಕೇಳಿದರೆ ಸಾಕ್ಷಿಯನ್ನೇ ಕೇಳುವುದಿಲ್ಲ."

"ಸರ್, ಆ ಹೆಣದ ಕೆಳಗೆ ರಕ್ತ ಬೆರಳುಗುರುತಿನಷ್ಟೂ ಇರ್ಲಿಲ್ಲ. ತಲೆ ಅಷ್ಟು ಒಡೆದಿತ್ತು."

"ಮಳೆ ತೊಳೆದಿರುತ್ತದೆ."

"ಅವನು ಬಿದ್ದಿದ್ದು ದೊಡ್ಡಿಯ ಮೂಲೇಲಿ. ಮೇಲೆ ಕಲ್ಲು ಚಪ್ಪಡಿ ಇದೆ. ನೆಲ ಒಣಗಿತ್ತು."

"ಹಾಗಾದರೆ ಕುರಿ ನೆಕ್ಕಿರುತ್ತದೆ. ಮಧ್ಯಾಹ್ನಕ್ಕೆ ಇವನನ್ನು ಗಾಡಿಯಲ್ಲಿ ಯಾರ್ಕ್‌ಗೆ ಒಯ್ಯುತ್ತೇನೆ. ಅಷ್ಟರೊಳಗೆ ಸತ್ತವನ ಅಕ್ಕ, ಆ ಮುದುಕಿಯ ಹೇಳಿಕೆಗೆ ಸಹಿ ಹಾಕಿಸಿ ತಾ."

ಯಾರ್ಕ್‌ಗೆ ಒಯ್ದವರಲ್ಲಿ ಎಷ್ಟು ಜನ ವಾಪಸು ಬಂದಿದ್ದಾರೆಂದು ಗಾರ್ಬಟ್‌ಗೆ ಗೊತ್ತಿತ್ತು. ಅದರಲ್ಲೂ ತಾನೇ ಕೊಂದೆನೆಂದು ನಂಬಿರುವವನಿಗೆ ನೇಣುಗಂಬದ ಮೆಟ್ಟಿಲು ಇಳಿಜಾರಾಗಿಬಿಡುತ್ತದೆ.

*

ಹೈಹೌಸ್ ಬೋರೆಯ ಅಂಚಿನಲ್ಲಿದೆ. ಹೀದರ್ ಪೊದೆಗಳು ಹೂ ಬಿಟ್ಟು ಬೋರೆಗೆ ಬೋರೆಯೇ ನೇರಳೆಯಾಗಿತ್ತು. ಮನೆಯ ಮುಂದಿನ ಗೋಡೆಯಾಚೆ ಮರದ ಮಣೆಗಳ ಮೇಲೆ ಮಾರ್ಮಡ್ಯೂಕ್‌ನ ಜೇನುಬುಟ್ಟಿಗಳು ಸಾಲಾಗಿ ಕುಳಿತಿದ್ದವು. ಹುಲ್ಲು ಹೆಣೆದ ದುಂಡು ಬುಟ್ಟಿಗಳು, ಒಂದೊಂದರ ನೆತ್ತಿಗೂ ಕಪ್ಪು ಬಟ್ಟೆಯ ಪಟ್ಟಿ.

ಗಾರ್ಬಟ್ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಮನೆಯಲ್ಲಿ ಸಾವಾದರೆ ನೆಂಟರಿಗಿಂತ ಮೊದಲು ಜೇನಿಗೆ ಹೇಳಬೇಕು. ಹೆಬ್ಬಾಗಿಲ ಕೀಲಿಕೈಯಿಂದ ಬುಟ್ಟಿಗೆ ಮೆಲ್ಲಗೆ ತಟ್ಟಿ, "ಯಜಮಾನ ಹೋದ, ನೀವು ಹೋಗ್ಬೇಡಿ" ಎನ್ನಬೇಕು, ಸೂತಕದ ಬಟ್ಟೆ ಕಟ್ಟಬೇಕು. ಹೇಳದಿದ್ದರೆ ಅವು ಮುನಿಸಿಕೊಂಡು ಹಾರಿಹೋಗುತ್ತವೆ, ಇಲ್ಲವೆ ಅಲ್ಲೇ ಸಾಯುತ್ತವೆ. ಗಾರ್ಬಟ್‌ನ ಅಪ್ಪ ಸತ್ತಾಗ ಅಮ್ಮ ಡಾಕ್ಟರನ್ನು ಕರೆಸುವ ಮುಂಚೆಯೇ ಜೇನಿಗೆ ಹೇಳಲು ಹಿತ್ತಲಿಗೆ ಹೋಗಿದ್ದಳು.

ಅವನು ಎರಡು ಹೆಜ್ಜೆ ಮುಂದೆ ಹೋದವನು ತಿರುಗಿ ಬಂದ.

ಬಟ್ಟೆ ಅಗ್ಗದ್ದು, ಬಣ್ಣ ಬಿಟ್ಟಿತ್ತು. ಅತ್ತ ಕಣ್ಣಿನ ಕಾಡಿಗೆಯಂತೆ ಕಪ್ಪು ಗೆರೆಗಳು ಹುಲ್ಲಿನ ಮೇಲೆ ಕೆಳಗಿನವರೆಗೂ ಇಳಿದಿದ್ದವು. ಒಂದು ಬುಟ್ಟಿಯಲ್ಲಲ್ಲ, ಎಲ್ಲದರಲ್ಲೂ.

ಗಾರ್ಬಟ್ ಆಕಾಶ ನೋಡಿದ. ನೀಲಿ. ನಿನ್ನೆಯೂ ಇದೇ ನೀಲಿ. ಮಳೆ ಬಂದದ್ದು ಜಗಳವಾದ ಆ ರಾತ್ರಿ ಮಾತ್ರ, ಬೆಳಕು ಹರಿಯುವ ಹೊತ್ತಿಗೆ ನಿಂತಿತ್ತು. ಟಪಾಲಿನವನು ಬಿಸಿಲು ಬಿದ್ದ ಮೇಲೆ ಬೋರೆ ಹತ್ತಿ, ದೊಡ್ಡಿಯಲ್ಲಿ ಹೆಣ ಕಂಡು, ಹೈಹೌಸ್‌ಗೆ ಓಡಿಬಂದು ಸುದ್ದಿ ಹೇಳಿದ್ದ. ಸತ್ತವನ ಅಕ್ಕ ಟೇಮರ್ ಕೊಟ್ಟ ಹೇಳಿಕೆಯಲ್ಲೂ ಹಾಗೆಯೇ ಇತ್ತು.

ಟೇಮರ್‌ಗೆ ಸುದ್ದಿ ಮುಟ್ಟಿದ್ದು ಮಳೆ ನಿಂತ ಮೇಲೆ. ಜೇನಿಗೆ ಮುಟ್ಟಿದ್ದು ಮಳೆ ನಿಲ್ಲುವ ಮೊದಲೇ.

*

"ಬೂಟು ಒರೆಸ್ಕೊಂಡು ಬಾ. ಸರ್ಕಾರಿ ಧೂಳಾದ್ರೂ ಧೂಳು ಧೂಳೇ."

"ಒರೆಸಿದೆ ಅತ್ತೆ."

"ಇನ್ನೊಂದ್ಸಲ ಒರೆಸು. ನಿಮ್ಮಮ್ಮ ನಿನಗೆ ಕಲಿಸಿದ್ದು ನನಗೆ ಗೊತ್ತಿದೆ, ಕಲಿತಿದ್ದು ಗೊತ್ತಿಲ್ಲ."

ಟೇಮರ್ ಫೆದರ್‌ಸ್ಟನ್ ಊರಿಗೆಲ್ಲ ಟೇಮರ್ ಅತ್ತೆ. ಮದುವೆಯಾದವಳಲ್ಲ, ತಮ್ಮನ ಮನೆ ನೋಡಿಕೊಂಡೇ ತಲೆ ಬೆಳ್ಳಗಾಗಿತ್ತು. ಚಿಕ್ಕಂದಿನಲ್ಲಿ ಜೇನು ಕದ್ದು ಸಿಕ್ಕಿಬಿದ್ದ ಗಾರ್ಬಟ್‌ನ ಕಿವಿ ಹಿಂಡಿ, ಆಮೇಲೆ ಅದೇ ಕೈಯಿಂದ ರೊಟ್ಟಿಗೆ ಜೇನು ಸವರಿ ಕೊಟ್ಟವಳು. ಹಿಂದಿನ ಅಡಿಗೆಕೋಣೆಯಿಂದ ಶಾಜೀರಿಗೆ ಹಾಕಿದ ಬಿಸ್ಕತ್ತಿನ ಘಮ ಬರುತ್ತಿತ್ತು, ಲಟ್ಟಣಿಗೆಯ ಸದ್ದೂ.

ಟೇಮರ್ ಬಟ್ಟಲಿಗೆ ಚಹಾ ಬಗ್ಗಿಸತೊಡಗಿದಳು.

"ಅತ್ತೆ, ಸುದ್ದಿ ನಿಮಗೆ ತಂದಿದ್ದು ಟಪಾಲಿನವನೇ ಅಲ್ವಾ?"

"ಬರ್ಕೊಂಡಿದ್ದೀಯಲ್ಲ. ಬರೆದದ್ದು ಓದೋಕೆ ಬರಲ್ವಾ?"

"ಆಮೇಲೆ ಜೇನಿಗೆ ಹೇಳಿದ್ರಿ."

"ಮತ್ತೆ? ಹೇಳ್ದೆ ಬಿಡೋಕಾಗುತ್ತಾ?"

"ಅವತ್ತಿಂದ ಒಂದು ಹನಿ ಮಳೆ ಇಲ್ಲ ನೋಡಿ."

"ಒಳ್ಳೇದಾಯ್ತು ಬಿಡು. ಹುಲ್ಲು ಒಣಗುತ್ತೆ."

"ಹುಲ್ಲು ಒಣಗ್ತಿದೆ. ನಿಮ್ಮ ಬುಟ್ಟಿ ಮೇಲಿನ ಬಟ್ಟೆ ಮಾತ್ರ ನೆನೆದು ಬಣ್ಣ ಬಿಟ್ಟಿದೆ."

ಚಹಾ ಬಟ್ಟಲು ತುಂಬಿ, ತಟ್ಟೆ ತುಂಬಿ, ಮೇಜಿನ ಮೇಲೆ ಹರಿಯಿತು. ಟೇಮರ್‌ಗೆ ಅದು ಕಾಣಲಿಲ್ಲ. ಒಳಗೆ ಲಟ್ಟಣಿಗೆಯ ಸದ್ದು ನಿಂತಿತ್ತು.

ಗಾರ್ಬಟ್ ಅವಳ ಕೈಯಿಂದ ಕೆಟಲ್ ತೆಗೆದು ಪಕ್ಕಕ್ಕಿಟ್ಟ. "ಕತ್ತಲಲ್ಲೇ ಹೋಗಿ ಹೇಳಿದ್ದೀರಿ ಅತ್ತೆ. ಯಾರಿಗೂ ಗೊತ್ತಾಗೋಕೆ ಮುಂಚೆ. ನನಗೆ ಸುಳ್ಳು ಹೇಳಿದ್ರಿ, ಇನ್ಸ್‌ಪೆಕ್ಟರ್‌ಗೆ ಹೇಳಿದ್ರಿ, ಪಾದ್ರಿಗೂ ಹೇಳಿದ್ರಿ. ಜೇನಿಗೆ ಮಾತ್ರ ನಿಜ ಯಾಕೆ?"

"ಪಾದ್ರಿ ಮುನಿಸ್ಕೊಂಡು ಹಾರಿಹೋಗಲ್ಲ ಕಣೋ."

ಅವಳು ಕುಳಿತಳು. ಒಲೆಯ ಪಕ್ಕ ಇನ್ನೊಂದು ಕುರ್ಚಿಯಿತ್ತು, ಎತ್ತರದ ಬೆನ್ನಿನದು. ಅದನ್ನು ಬಿಟ್ಟು ಮೋಟು ಸ್ಟೂಲಿನ ಮೇಲೆ ಕುಳಿತದ್ದನ್ನು ಗಾರ್ಬಟ್ ಗಮನಿಸಿದ.

"ಅಲ್ಲೇ ಸತ್ತ," ಎಂದಳು. "ಆ ಕುರ್ಚೀಲಿ."

"ದೊಡ್ಡೀಲಲ್ವಾ?"

"ಹಳ್ಳದ ದಾರೀಲಿ ಎದೆ ಹಿಡ್ಕೊಂಡು ಬಿದ್ದಿದ್ನಂತೆ. ವರ್ಷದಿಂದ ಎದೆ ನೋವಿತ್ತು ಅವನಿಗೆ, ಯಾರಿಗೂ ಹೇಳ್ಬೇಡ ಅಂದಿದ್ದ. ಮನೆಗೆ ಹೊತ್ಕೊಂಡು ಬಂದ ಒಬ್ಬ. ಹೆಗಲ ಮೇಲೆ, ಕುರಿಮರಿ ಹೊತ್ತ ಹಾಗೆ."

"ಯಾರು?"

"ಯಾರಂತ ಕೇಳ್ತೀಯಲ್ಲೋ. ಲಾಕಪ್ಪಲ್ಲಿ ಕೂರಿಸಿದ್ದೀಯಲ್ಲ, ಅವನೇ."

ಗಾರ್ಬಟ್ ಎತ್ತರದ ಬೆನ್ನಿನ ಕುರ್ಚಿಯತ್ತ ತಿರುಗಿ ನೋಡಿದ.

"ಕಣ್ಣು ತೆರೆದೇ ಇತ್ತು ಎನಾಕ್. ಒಳಗೆ ಯಾರೂ ಇರ್ಲಿಲ್ಲ. ಜೋಬ್, ಜೋಬ್ ಅಂತ ಕರೆದೆ, ತಿರುಗಿ ನೋಡ್ಲಿಲ್ಲ. ಇವನನ್ನ ಕುರ್ಚೀಲಿ ಕೂರಿಸಿದ, ಮೊಣಕಾಲಿಗೆ ಕಂಬಳಿ ಹೊದಿಸಿದ, ಅಂಚನ್ನ ಒಳಕ್ಕೆ ಸಿಕ್ಕಿಸಿದ, ಹೊರಟುಹೋದ. ವುಡ್ ಹತ್ತಿದೋನು ಕಂಬಳಿ ಅಂಚು ಸಿಕ್ಕಿಸ್ತಾನೇನೋ? ಇಷ್ಟು ವರ್ಷ ಆ ಪದ ಆಡಿದೀನಿ, ಅದರೊಳಗೆ ಇಂಥದ್ದೂ ಇರುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ."

"ಮಾರ್ಮಡ್ಯೂಕ್ ಏನಾದ್ರೂ ಅಂದ್ನಾ?"

"ಹಳ್ಳದ ಹತ್ರ ಬಿದ್ದೆ ಅಂದ, ಆ ನಾಯೀನ ಹೊಡೀಬಾರದಿತ್ತು ಟೇಮರ್ ಅಂದ. ಅಷ್ಟೇ. ಜೀವಮಾನದಲ್ಲಿ ಒಂದೇ ಸಲ ತಪ್ಪೊಪ್ಕೊಂಡ, ಅದಕ್ಕೇ ಪ್ರಾಣ ಹೋಯ್ತೋ ಏನೋ." ಅವಳು ಸೊಂಟದ ಕೀಲಿಕೈ ಮುಟ್ಟಿಕೊಂಡಳು. "ಕೀಲಿಕೈ ತಗೊಂಡು ಜೇನಿನ ಹತ್ರ ಹೋದೆ. ಮುಂದೇನು ಅಂತ ಯೋಚ್ನೆ ಬಂದಿದ್ದೇ ಆಮೇಲೆ."

"ಇಷ್ಟು ಗೊತ್ತಿದ್ದೂ ಎರಡು ದಿನ ಸುಮ್ನಿದ್ರಾ ಅತ್ತೆ? ಅವನ ಕೊರಳಿಗೆ ಹಗ್ಗ ಬೀಳ್ತಿದೆ!"

"ಅತ್ತೆ, ಸಾಕು. ಇನ್ನು ನಾನು ಹೇಳ್ತೀನಿ."

ಅಡಿಗೆಕೋಣೆಯ ಬಾಗಿಲಲ್ಲಿ ಡೈನಾ ಹಾರ್ಕರ್ ನಿಂತಿದ್ದಳು, ಮೊಣಕೈವರೆಗೂ ಹಿಟ್ಟು. ಎರಡು ದಿನ ನಿದ್ದೆಯಿಲ್ಲದ ಕಣ್ಣು.

"ಆ ರಾತ್ರಿ ಜೋಬ್‌ನ ಹುಡುಕ್ಕೊಂಡು ಬಂದೆ. ನೋಡಿದ್ರೆ ಇಲ್ಲಿ ಮಾರ್ಮಡ್ಯೂಕಜ್ಜ ಸತ್ತು ಕೂತಿದ್ರು, ಅಂಗಿ ಮೇಲೆ ರಕ್ತ. ಅದು ಜೋಬ್‌ನ ಕೈಯಿಂದ ಸುರಿದದ್ದು ಅಂತ ಅತ್ತೆ ಹೇಳಿದ್ರು. ಅವನು ಹೊತ್ಕೊಂಡು ಬಂದ ಅಷ್ಟೇ ಅಂತ ಆಣೆ ಇಟ್ರು." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು, ಹಿಟ್ಟು ಹೋಗಲಿಲ್ಲ. "ನಾನು ನಂಬ್ಲಿಲ್ಲ ಸಾರ್ಜೆಂಟ್ರೇ. ಅತ್ತೆಗೆ ದುಃಖದಲ್ಲಿ ಏನೋ ಕಂಡಿದೆ ಅಂದ್ಕೊಂಡೆ. ಎಂಟು ವರ್ಷ ಜೊತೇಲಿ ಬಾಳಿದ ಗಂಡನಿಗಿಂತ ಊರವರು ಆಡೋ ಒಂದು ಪದಾನ ಹೆಚ್ಚು ನಂಬ್ಬಿಟ್ಟೆ."

"ಆಮೇಲೆ?"

"ಇಲ್ಲಿ ಸಿಕ್ಕಿದ್ರೆ ಜೋಬ್‌ನ ಹಿಡೀತಾರೆ ಅಂತ ಅತ್ತೇನ ಕಾಡಿಬೇಡಿ ಒಪ್ಪಿಸ್ದೆ. ಒಗೆದ ಅಂಗಿ ತೊಡಿಸಿ, ಹುಲ್ಲೆಳೆಯೋ ಜಾರುಬಂಡೀಲಿ ಮಲಗಿಸಿ, ಇಬ್ರೂ ದೊಡ್ಡಿವರೆಗೂ ಎಳೆದ್ವಿ. ಕುರಿ ನೋಡೋಕೆ ಹೋದ, ಎದೆ ನಿಂತುಹೋಯ್ತು ಅಂತ ಜನ ಅಂದ್ಕೊಳ್ಲಿ ಅಂತ."

"ಎದೆ ನಿಂತೇ ತಾನೇ ಸತ್ತಿದ್ದು?"

"ಹೂಂ," ಎಂದಳು ಟೇಮರ್. "ಇಲ್ಲಿದ್ದ ನಿಜಾನ ಎತ್ಕೊಂಡು ಹೋಗಿ ಅಲ್ಲಿಟ್ಟು ಬಂದ್ವಿ. ಮೂರ್ಖರು ಕಣಪ್ಪ ನಾವು."

ಗಾರ್ಬಟ್‌ಗೆ ರಕ್ತವಿಲ್ಲದ ಆ ಒಣನೆಲ ಕಣ್ಣ ಮುಂದೆ ಬಂತು. ಸತ್ತವರಿಗೆ ರಕ್ತ ಹರಿಯುವುದಿಲ್ಲ. ಕುರಿ ನೆಕ್ಕಲೂ ಇಲ್ಲ, ಮಳೆ ತೊಳೆಯಲೂ ಇಲ್ಲ. ಎದೆ ಹಗುರವಾಯಿತು, ಮರುಕ್ಷಣವೇ ಇನ್ನೊಂದು ಪ್ರಶ್ನೆ ಅಲ್ಲಿ ಬಂದು ಕುಳಿತಿತು.

"ಹಾಗಾದ್ರೆ ತಲೆಗೆ ಕಲ್ಲು ಹಾಕಿದ್ದು ಯಾರು?"

ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ನಾನು," ಎಂದಳು ಟೇಮರ್.

"ನಾನು," ಎಂದಳು ಡೈನಾ.

"ಭೇಷ್. ಕೊಲೆಯೇ ಆಗಿಲ್ಲ, ಕೊಲೆಗಾರರು ಮಾತ್ರ ಮೂವರು!" ಗಾರ್ಬಟ್ ಹಣೆ ಒತ್ತಿಕೊಂಡ. "ಡೈನಾ, ತಲೆಯ ಯಾವ ಕಡೆ?"

"ಹಣೆಗೆ."

"ಅತ್ತೆ?"

"ಅದೇ... ಹಣೆಗೇ. ಅವಳಿಗೇನು ಗೊತ್ತು, ನಾನು ಹಾಕಿದ್ದು."

"ಹಣೆ ಮೇಲೆ ಒಂದು ಗೀರೂ ಇಲ್ಲ. ಹೊಡೆದಿರೋದು ಹಿಂದ್ಗಡೆ."

ಟೇಮರ್ ಮೆಲ್ಲನೆ ಡೈನಾಳ ಕಡೆ ತಿರುಗಿದಳು.

"ನೀನಲ್ವಾ?"

"ಅಯ್ಯೋ ಅತ್ತೆ! ನೀವಲ್ವಾ? ಜನಕ್ಕೆ ಜಾರಿಬಿದ್ದ ಹಾಗೆ ಕಾಣ್ಲಿ ಅಂತ ನೀವೇ ವಾಪಸ್ ಹೋಗಿ... ನಮಗೋಸ್ಕರ ಸ್ವಂತ ತಮ್ಮನ ತಲೇನ..."

"ನಾನೂ ನಿನ್ನ ಬಗ್ಗೆ ಅದನ್ನೇ ಅಂದ್ಕೊಂಡಿದ್ದೆ. ಅದಕ್ಕೇ ಬಾಯಿ ಕಟ್ಕೊಂಡೆ. ಗಂಡನೂ ಹೋಗಿ, ನೀನೂ ಜೈಲಿಗೆ ಹೋದ್ರೆ ಅಂತ."

ಡೈನಾ ಹಿಟ್ಟಿನ ಕೈಯಲ್ಲೇ ಮುದುಕಿಯನ್ನು ತಬ್ಬಿಕೊಂಡಳು. ಕಪ್ಪು ಸೂತಕದ ಉಡುಪಿನ ಮೇಲೆ ಎರಡು ಬಿಳಿ ಅಂಗೈ ಮೂಡಿದವು. ಎರಡು ದಿನ ಒಂದೇ ಸೂರಿನಡಿ, ಒಬ್ಬರ ಪಾಪವನ್ನು ಇನ್ನೊಬ್ಬರು ಹೊತ್ತುಕೊಂಡು, ಆಡದೆ ಕ್ಷಮಿಸಿಕೊಂಡು ಬಿಸ್ಕತ್ತು ಸುಟ್ಟಿದ್ದರು. ಯಾರೂ ಮಾಡದ ಪಾಪ.

ಗಾರ್ಬಟ್ ಹೆಲ್ಮೆಟ್ ಕೈಗೆತ್ತಿಕೊಂಡ. "ಇಬ್ರೂ ಹೊರಡಿ. ಈ ಮಾತನ್ನ ಪಿಲಿಂಗ್ ಮುಂದೆ ಹೇಳ್ಬೇಕು. ನಿಮಗೆ ಶಿಕ್ಷೆ ಇಲ್ಲ ಅನ್ನಲ್ಲ, ಆದ್ರೆ ನೇಣಂತೂ ಯಾರಿಗೂ ಇಲ್ಲ. ಹೆಣಕ್ಕೆ ಕಲ್ಲು ಹಾಕ್ದೋನು ಪಾಪ ಕತ್ತಲಲ್ಲಿ ಬದುಕಿದ್ದಾನೆ ಅಂದ್ಕೊಂಡು ಹಾಕಿರ್ಬೇಕು..."

"ಅದು ಹೆಂಗಾಗುತ್ತೆ?" ಎಂದಳು ಡೈನಾ. "ಮುಖ ಮುಚ್ಚಿತ್ತಲ್ಲ."

"ಏನಂದೆ?"

"ನನ್ನ ಶಾಲು. ಬೇಡ ಅಂತ ಅತ್ತೆ ಅಂದ್ರು, ನನಗೆ ಮನಸ್ಸು ಬರ್ಲಿಲ್ಲ, ಹಂಗೇ ಬಿಟ್ಟು ಬರೋಕೆ. ಮುಖದ ಮೇಲೆ ಹೊದಿಸಿ ಬಂದೆ, ಬೆಳಿಗ್ಗೆ ಬೇಗ ಹೋಗಿ ತೆಗೀಬೇಕು ಅಂತ. ಟಪಾಲಿನವನು ನನಗಿಂತ ಮೊದಲು ಹೋದ. ಶಾಲು ನಿಮ್ಮ ಹತ್ರ ಇರ್ಬೇಕು, ಯಾಕೆ ಕೇಳ್ತಿಲ್ಲ ಅಂತ ಎರಡು ದಿನದಿಂದ ಬೇಯ್ತಿದ್ದೀನಿ."

ದೊಡ್ಡಿಯಲ್ಲಿ ಶಾಲು ಇರಲಿಲ್ಲ. ಗಾರ್ಬಟ್ ಅಲ್ಲಿನ ಒಂದೊಂದು ಕಲ್ಲನ್ನೂ ಎತ್ತಿ ನೋಡಿದ್ದ.

ಹಾಗಾದರೆ ಬಂದವನು ಯಾರೇ ಆಗಿರಲಿ, ಶಾಲು ಎತ್ತಿದ್ದ. ಮುಖ ಮುಟ್ಟಿದ್ದ. ಸತ್ತು ತಣ್ಣಗಾದ ಮುಖ. ಅದು ಗೊತ್ತಾದ ಮೇಲೆ ಹೆಣವನ್ನು ಮಗ್ಗುಲಿಗೆ ತಿರುಗಿಸಿ, ಕಲ್ಲೆತ್ತಿದ್ದ. ಬದುಕಿರುವವನ ಮೇಲೆ ಸಿಟ್ಟು ಬರುವುದು ಲೋಕರೂಢಿ. ಸತ್ತವನ ಮೇಲೂ ಇಳಿಯದ ಸಿಟ್ಟು ಇನ್ನೆಂಥದು? ಕೆಲ್‌ಬೆಕ್ಕಿನ ಹಳಬರ ಪದ ಸುಳ್ಳಲ್ಲ ಎಂದು ಗಾರ್ಬಟ್‌ಗೆ ಅನ್ನಿಸಿತು. ಊರು ಅದನ್ನು ತಪ್ಪು ಮನುಷ್ಯನಿಗೆ ಅಂಟಿಸಿತ್ತು, ಅಷ್ಟೇ.

"ಎಂಥ ಶಾಲು?"

"ನಾನೇ ಹೆಣೆದಿದ್ದು. ಬೂದಿ ಬಣ್ಣ, ಕೆಂಪು ಪಟ್ಟಿ. ಒಂದು ಮೂಲೆ ಸುಟ್ಟುಹೋಗಿತ್ತು, ಅಲ್ಲಿ ಹಸಿರು ನೂಲಿನ ತೇಪೆ."

ಹೊರಗೆ ಗಾಲಿಗಳ ಸದ್ದು. ಮೂವರೂ ಅಂಗಳಕ್ಕೆ ಬಂದರು. ಯಾರ್ಕ್‌ನ ರಸ್ತೆ ಹೈಹೌಸ್ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಮಧ್ಯಾಹ್ನವಾಗಲು ಇನ್ನೂ ಬಹಳ ಹೊತ್ತಿತ್ತು, ಆದರೆ ಪಿಲಿಂಗ್‌ನ ಹೊಟ್ಟೆಗೆ ಅದು ಗೊತ್ತಿರಲಿಲ್ಲ. ಗಾಡಿ ಏದುಸಿರು ಬಿಡುತ್ತ ಏರು ಹತ್ತಿ ಬರುತ್ತಿತ್ತು. ಮುಂದೆ ಪಿಲಿಂಗ್, ಹಿಂದೆ ಕೋಳ ಹಾಕಿದ ಜೋಬ್, ತಲೆ ತಗ್ಗಿಸಿ.

"ಸರ್! ನಿಲ್ಲಿಸಿ!" ಗಾರ್ಬಟ್ ಗೇಟಿನತ್ತ ಓಡಿದ.

ಡೈನಾ ಅವನ ತೋಳು ಹಿಡಿದು ಜಗ್ಗಿದಳು. ಅವಳ ಮುಖ ಕೈಯಲ್ಲಿದ್ದ ಹಿಟ್ಟಿಗಿಂತ ಬಿಳಿಚಿತ್ತು. ಬೋರೆಯ ಗಾಳಿಗೆಂದು ಯಾರೋ ಪುಣ್ಯಾತ್ಮರು ಜೋಬ್‌ನ ಹೆಗಲಿಗೆ ಬೆಚ್ಚನೆಯದೊಂದು ಹೊದಿಸಿ ಕಳಿಸಿದ್ದರು. ಬೂದಿ ಬಣ್ಣ, ಕೆಂಪು ಪಟ್ಟಿ. ಗಾಳಿಗೆ ಮೂಲೆ ಪಟಪಟ ಹಾರಿತು, ಹಸಿರು ತೇಪೆ ಕಂಡಿತು.

"ಸಾರ್ಜೆಂಟ್ರೇ," ಎಂದಳು ಡೈನಾ, "ಅದು ನಂದೇ, ದೊಡ್ಡೀಲಿ ಹೊದಿಸಿ ಬಂದಿದ್ದು. ಅವನಿಗೆ ಕೊಟ್ಟಿದ್ದು ಯಾರು?"